ಎಡಗಡೆಯ ಗಾಳಿ

ವಿಗಿಂತಾಸ್ ದಾರ್ಗುಜಿಸ್ ಅವರನ್ನು ನಾನು ಮೊದಲ ಸಲ ನೋಡಿದಾಗ ಅವರು ನೆಲದ ಮೇಲೆ ಮೊಣಕಾಲೂರಿ ಕೂತಿದ್ದರು. ನವೆಂಬರ್ ತಿಂಗಳ ಒಂದು ಸೋಮವಾರ ಅದು. ರಾಜಧಾನಿ ವಿಲ್ನಿಯಸ್‌ನಲ್ಲಿ ಮಳೆಯೂ ಹಿಮವೂ ಬೆರೆತು ಸುರಿಯುತ್ತಿತ್ತು. ದೋಣಿ ಸ್ಪರ್ಧೆಗಳ ಒಕ್ಕೂಟದಲ್ಲಿ ಸಹಾಯಕಿಯ ಕೆಲಸ ಖಾಲಿಯಿದೆ ಎಂದು ತಿಳಿದು, ಊರಿನಿಂದ ಮೊದಲ ಬಸ್ಸು ಹಿಡಿದು ಬಂದಿದ್ದೆ. ಕೈಯಲ್ಲಿ ಆಗಷ್ಟೇ ಮುಗಿಸಿದ ಪದವಿಯ ಪ್ರಮಾಣಪತ್ರವಿತ್ತು. ನಮ್ಮ ಮನೆಯಲ್ಲಿ ಅಂಥದ್ದೊಂದು ಕಾಗದ ಅದಕ್ಕೆ ಮೊದಲು ಯಾರಿಗೂ ಸಿಕ್ಕಿರಲಿಲ್ಲ.

ಕಚೇರಿ ಹಳೆಯ ಈಜುಕೊಳದ ಕಟ್ಟಡದ ಮೇಲ್ಮಹಡಿಯಲ್ಲಿತ್ತು. ಮೆಟ್ಟಿಲ ತುಂಬ ಕ್ಲೋರಿನ್ ವಾಸನೆ. ಬಾಗಿಲು ಅರ್ಧ ತೆರೆದಿತ್ತು. ಮೇಜಿನ ಹಿಂದಿನ ಕುರ್ಚಿ ಖಾಲಿ. ಕಿಟಕಿಯ ಕೆಳಗೆ ಬೂದು ಸ್ವೆಟರ್ ತೊಟ್ಟ ಭಾರಿ ಆಳೊಬ್ಬರು ಎಡಮೊಣಕಾಲನ್ನು ನೆಲಕ್ಕೂರಿ, ಬಲಪಾದವನ್ನು ಮುಂದಿಟ್ಟು, ಹೀಟರಿನ ತಿರುಪು ಬಿಗಿ ಮಾಡುತ್ತಿದ್ದರು. ಅವರ ಎರಡು ಭುಜಗಳು ಒಂದೇ ಎತ್ತರದಲ್ಲಿರಲಿಲ್ಲ. ಸ್ವೆಟರು ಒಂದು ಕಡೆಗೆ ಜಗ್ಗಿತ್ತು.

"ಆ ಬೇಸಿನ್ ಈ ಕಡೆ ಕೊಡಮ್ಮ, ಬೇಗ, ಕಪ್ಪು ನೀರು ಬರ್ತಾ ಇದೆ," ಎಂದರು, ತಿರುಗಿ ನೋಡದೆ.

ಪ್ರಮಾಣಪತ್ರವನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು ಬೇಸಿನ್ ಹಿಡಿದೆ. ನೀರು ನಿಂತ ಮೇಲೆ ಅವರು ಎದ್ದು, ಕೈ ಒರೆಸಿಕೊಂಡು, ಹೋಗಿ ಆ ಖಾಲಿ ಕುರ್ಚಿಯಲ್ಲೇ ಕೂತರು.

"ಸ್ಕೈಸ್ತೆ ಅಲ್ವಾ ಹೆಸರು? ಈಜು ಬರುತ್ತಾ?"

"ಇಲ್ಲ."

"ಬೀಟ್‌ಗಡ್ಡೆ ಕೀಳೋದು?"

"ಅದು ಬರುತ್ತೆ."

"ಸಾಕು. ಈ ಕಚೇರೀಲಿ ಮುಳುಗೋಕೆ ನೀರೇನೂ ಬೇಕಾಗಿಲ್ಲ."

ಅಷ್ಟರಲ್ಲಿ ಫೋನು ಬಂತು. ಆ ಕಡೆಯವರ ದನಿ ನನಗೂ ಕೇಳುವಷ್ಟು ದೊಡ್ಡದಿತ್ತು. ಶನಿವಾರ ಉಗಿಮನೆ ಕಾಯಿಸುತ್ತಿದ್ದೇವೆ, ಹೊಗೆಯಲ್ಲಿ ಬೇಯಿಸಿದ ಮೀನಿದೆ, ಬಿಯರ್ ಇದೆ, ಒಂದು ಸಣ್ಣ ವಿಷಯ ಮಾತಾಡುವುದಿದೆ ಎಂದು ಆ ದನಿ ಕರೆಯುತ್ತಿತ್ತು. "ನಾನು ಸ್ನಾನ ಮನೇಲಿ ಮಾಡ್ತೀನಿ," ಎಂದರು ವಿಗಿಂತಾಸ್. "ಮಾತಿದ್ರೆ ಬಟ್ಟೆ ಹಾಕ್ಕೊಂಡು ಕಚೇರಿಗೆ ಬನ್ನಿ."

ನಾನು ದಂಗಾದೆ. ನಮ್ಮ ಕಡೆ, ಒಟ್ಟಿಗೆ ಕೂತು ಬಿಸಿ ಹಬೆಯಲ್ಲಿ ಬೆವರಿ ಸ್ನಾನ ಮಾಡುವ ಉಗಿಮನೆಗೆ ಕರೆದಾಗ ಹೋಗದಿರುವುದೂ, ಮುಂದಿಟ್ಟ ರೊಟ್ಟಿಯನ್ನು ತಳ್ಳುವುದೂ ಒಂದೇ. ನನ್ನ ಅಪ್ಪನಾಗಿದ್ದರೆ ಜ್ವರವಿದ್ದರೂ ಹೋಗಿ ಬರುತ್ತಿದ್ದ. ಈ ಮನುಷ್ಯ ಹಾಗೇಕೆ ಎಂದು ತಿಳಿಯಲು ನನಗೆ ಒಂದು ಚಳಿಗಾಲ ಹಿಡಿಯಿತು. ಅವರಾಗಿ ಹೇಳಲಿಲ್ಲ. ದೋಣಿ ಸಾಗಿಸುವ ಚಾಲಕರು, ತೀರ್ಪುಗಾರರು, ವಿಗಿಂತಾಸರ ಹೆಂಡತಿ, ಒಬ್ಬೊಬ್ಬರೂ ಒಂದೊಂದು ತುಂಡು ಹೇಳಿದರು.

ಅವರು ಹುಟ್ಟಿದ್ದು ಅಲ್ಸುಪ್ಯಾಯ್ ಎಂಬ ಸರೋವರದ ಹಳ್ಳಿಯಲ್ಲಿ. ಅಪ್ಪ ಮೀನು ಸಾಕಣೆಯ ಕೊಳಗಳಲ್ಲಿ ಕೂಲಿ, ತಾಯಿ ಸಾಮೂಹಿಕ ಕೃಷಿಕ್ಷೇತ್ರದಲ್ಲಿ ಹಾಲು ಕರೆಯುವವಳು. ಪಕ್ಕದ ಮನೆಯ ಜೆನೊನಾಸ್ ಜೊತೆಗೆ ಪಟ್ಟಣದ ಕ್ರೀಡಾಶಾಲೆ ಸೇರಿದರು. ಅಲ್ಲಿ ಇಬ್ಬರಿಗೂ ಸಿಕ್ಕಿದ್ದು ಬೇರೆಯವರು ಬಿಟ್ಟುಹೋಗಿದ್ದ, ನೀರು ಕುಡಿದು ಭಾರವಾಗಿದ್ದ ಮರದ ದೋಣಿ. ಒಂದೇ ಮೊಣಕಾಲ ಮೇಲೆ ಕೂತು ಒಂದೇ ಬದಿಗೆ ಹುಟ್ಟು ಹಾಕುವ ದೋಣಿ ಅದು. ಯಾವ ಬದಿ ಎಂಬುದು ಮೊದಲ ವಾರದಲ್ಲೇ ಗೊತ್ತಾಗುತ್ತದೆ, ಆಮೇಲೆ ಬದಲಾಗುವುದಿಲ್ಲ. ಮುಂದೆ ಕೂರುವ ವಿಗಿಂತಾಸ್ ಎಡ, ಹಿಂದೆ ಕೂರುವ ಜೆನೊನಾಸ್ ಬಲ. ಜೋಡಿ ದೋಣಿಗೆ ಹೇಳಿಮಾಡಿಸಿದ ಹಾಗಿದ್ದರು. ವರ್ಷಗಳು ಕಳೆದಂತೆ ಒಬ್ಬರ ಎಡಭುಜ, ಇನ್ನೊಬ್ಬರ ಬಲಭುಜ ದಪ್ಪವಾದವು. "ಇಬ್ಬರನ್ನೂ ನಡುವೆ ಸೀಳಿ ಹೊಲಿದ್ರೆ ಒಬ್ಬ ನೆಟ್ಟಗಿನ ಗಂಡಸು ಆಗ್ತಾನೆ," ಎಂದು ಊರ ಹೆಂಗಸರು ನಗುತ್ತಿದ್ದರಂತೆ.

ಆಮೇಲೆ ದೇಶ ಸ್ವತಂತ್ರವಾಯಿತು. ಬಾವುಟ ನಮ್ಮದಾಯಿತು, ಸರ್ಕಾರದ ಹಣ ನಿಂತು ಕ್ರೀಡಾಶಾಲೆಯ ಹೀಟರುಗಳು ಆರಿಹೋದವು. ಇಬ್ಬರೂ ಕೋಟು ತೊಟ್ಟು ಭಾರ ಎತ್ತಿದರು, ಆಲೂಗಡ್ಡೆ, ಹುಳಿ ಹಾಲು ತಿಂದು ಬದುಕಿದರು, ಸರೋವರದ ಅಂಚಿನ ಮಂಜುಗಡ್ಡೆ ಒಡೆದುಕೊಂಡು ದೋಣಿ ಇಳಿಸಿದರು. ಹಂಗೇರಿಯಲ್ಲಿ ನಡೆದ ಅರ್ಹತಾ ಪಂದ್ಯದಲ್ಲಿ ಒಲಿಂಪಿಕ್ಸಿನ ಒಂದು ಜಾಗ ಗೆದ್ದು ತಂದರು.

ಈ ಆಟದಲ್ಲಿ ಗೆದ್ದ ಜಾಗ ಗೆದ್ದವನದಲ್ಲ, ದೇಶದ್ದು. ಯಾರನ್ನು ಕಳಿಸಬೇಕೆಂದು ದೇಶದ ಒಕ್ಕೂಟ ತೀರ್ಮಾನಿಸುತ್ತದೆ. ಆ ಕಾಲದಲ್ಲಿ ಅಂಥ ತೀರ್ಮಾನಗಳು ಉಗಿಮನೆಯಲ್ಲಿ ಆಗುತ್ತಿದ್ದವು. ಮೈಮೇಲೆ ನೂಲಿಲ್ಲದೆ, ಉಗಿಸ್ನಾನದ ರೂಢಿಯಂತೆ ಬರ್ಚ್ ಮರದ ಸೊಪ್ಪಿನ ಕಟ್ಟಿನಿಂದ ಒಬ್ಬರ ಬೆನ್ನಿಗೆ ಒಬ್ಬರು ಬಡಿದುಕೊಳ್ಳುತ್ತ, ಒಕ್ಕೂಟದ ದೊಡ್ಡವರು ಬೇರೊಂದು ಜೋಡಿಯ ಹೆಸರು ಹೇಳಿದರು. ಆ ಜೋಡಿಯಲ್ಲಿ ಒಬ್ಬ ಅಲ್ಲಿ ಕೂತಿದ್ದವರೊಬ್ಬರ ಅಳಿಯ. ಒಲೆಗೆ ಸೌದೆ ಹಾಕುತ್ತಿದ್ದ ಮುದುಕನ ಬಾಯಿಂದ ಸುದ್ದಿ ಹೊರಬಂತು. ವಿಗಿಂತಾಸ್, ಜೆನೊನಾಸ್ ಇಬ್ಬರಿಗೂ ಅದು ತಿಳಿದದ್ದು ಬಸ್ ನಿಲ್ದಾಣದಲ್ಲಿ, ಚೀಲದಲ್ಲಿ ಹೊಸ ಬಟ್ಟೆ ಇಟ್ಟುಕೊಂಡು ತರಬೇತಿ ಶಿಬಿರಕ್ಕೆ ಹೊರಟಿದ್ದಾಗ.

ಮುಂದೆ ಜೆನೊನಾಸ್ ಊರಿಗೆ ಮರಳಿ ಕೋಚ್ ಆದರು. ವಿಗಿಂತಾಸ್ ಅಂಚೆಯ ಮೂಲಕ ಓದಿದರು, ಶಾಲೆಯಲ್ಲಿ ವ್ಯಾಯಾಮ ಮೇಷ್ಟರಾದರು, ಕ್ಲಬ್ಬು ನಡೆಸಿದರು, ಸಭೆಗಳಲ್ಲಿ ಎದ್ದು ನಿಂತು ಪ್ರಶ್ನೆ ಕೇಳಿದರು. ಉಗಿಮನೆಯ ಮುದುಕರಲ್ಲಿ ಕೆಲವರು ಸತ್ತು, ಕೆಲವರಿಗೆ ಬೇಸರವಾಗಿ, ಕೊನೆಗೊಮ್ಮೆ, ನಾನು ಕೆಲಸಕ್ಕೆ ಸೇರುವ ಸ್ವಲ್ಪ ಮೊದಲು, ಇವರು ಪ್ರಧಾನ ಕಾರ್ಯದರ್ಶಿಯಾದರು.

ಅವರು ಮಾಡಿದ ಮೊದಲ ಕೆಲಸ ಒಂದು ನಿಯಮ ಬರೆದದ್ದು. ದೇಶಕ್ಕೆ ಸಿಕ್ಕ ಜಾಗಕ್ಕೆ ಯಾರಾದರೂ ಸವಾಲು ಹಾಕಿದರೆ, ಮೇ ತಿಂಗಳ ಒಂದು ಭಾನುವಾರ, ಊರವರೆಲ್ಲ ಚರ್ಚ್ ಮುಗಿಸಿ ಬಂದು ನೋಡುವಂತೆ ಮಧ್ಯಾಹ್ನ, ಒಂದೇ ಒಂದು ದೋಣಿ ಓಟ. ಗೆದ್ದವನು ಹೋಗುತ್ತಾನೆ. ಫೋನಿಲ್ಲ, ಶಿಫಾರಸಿಲ್ಲ. "ನೀರು ಹೇಳಲಿ" ಎಂಬುದು ಅವರ ಮಾತು. ನಿಯಮ ಪಾಸಾದ ದಿನ ಜೆನೊನಾಸ್ ಊರಿಂದ ಕಪ್ಪು ರೊಟ್ಟಿ, ಹೊಗೆ ಮೀನು ತಂದು ಕಚೇರಿಯವರಿಗೆಲ್ಲ ಹಂಚಿದರು.

"ಏನೋ ಮುದುಕಾ, ಇದನ್ನ ಮೊದಲೇ ಬರೀಬಾರದಿತ್ತಾ? ನಾವೂ ಒಂದು ಸಲ ವಿಮಾನ ಹತ್ತಿರ್ತಿದ್ವಿ!"

"ಆಗ ನನ್ನ ಅಕ್ಷರ ಚೆನ್ನಾಗಿರಲಿಲ್ಲ," ಎಂದರು ವಿಗಿಂತಾಸ್. ಅವರು ಅಷ್ಟು ಗಟ್ಟಿಯಾಗಿ ನಕ್ಕದ್ದನ್ನು ನಾನು ಕಂಡದ್ದು ಅಂದೇ.

ಕೆಲವು ವರ್ಷಗಳಾದ ಮೇಲೆ ಅದೇ ಅಲ್ಸುಪ್ಯಾಯ್ ಸರೋವರದಿಂದ ಎಯ್ಮುತಿಸ್ ಎಂಬ ತರುಣ ಬಂದ. ಬಲೆ ಹೆಣೆಯುವವರ ಮಗ. ಜೆನೊನಾಸ್ ಅವನನ್ನು ಮಗನಂತೆ ಬೆಳೆಸಿದ್ದರು. ಅವನೂ ಎಡಬದಿಯವನು. ಹುಟ್ಟು ಎತ್ತುವ ರೀತಿಯಲ್ಲಿ ವಿಗಿಂತಾಸರನ್ನೇ ಕಂಡ ಹಾಗಾಗುತ್ತದೆ ಎಂದು ಹಳಬರು ಹೇಳುತ್ತಿದ್ದರು. ಅವನು ಒಂಟಿ ದೋಣಿಯಲ್ಲಿ ಒಲಿಂಪಿಕ್ಸಿನ ಜಾಗ ಗೆದ್ದು ತಂದ. ಕೌನಸ್ ಕಡೆಯ ತಿತಾಸ್ ಸವಾಲು ಹಾಕಿದ. ತಿತಾಸ್ ಬಲಬದಿಯವನು, ಒಳ್ಳೆಯ ಆಟಗಾರನೇ. ಅವನ ಸೋದರಮಾವ ಸಚಿವಾಲಯದಲ್ಲಿ ದೊಡ್ಡ ಹುದ್ದೆಯಲ್ಲಿದ್ದರು. ಈ ಎರಡನೆಯ ಸಂಗತಿಯನ್ನು ಮಾತ್ರ ಎಲ್ಲರೂ ನೆನಪಿಟ್ಟುಕೊಂಡಿದ್ದರು.

ಓಟದ ಹಿಂದಿನ ಸಂಜೆ ನಾವು ಸ್ಪರ್ಧೆಯ ಸರೋವರದ ದಂಡೆಯಲ್ಲಿ ದೋಣಿಗಳ ಸಂಖ್ಯಾಫಲಕ ಜೋಡಿಸುತ್ತಿದ್ದೆವು. ಇನ್ನೂ ಬಿಸಿಲಿತ್ತು. ಜೆನೊನಾಸ್ ಹೆಗಲ ಮೇಲೆ ಟವಲ್ ಹಾಕಿಕೊಂಡು ಬಂದರು.

"ಲೋ ಮುದುಕಾ, ಉಗಿಮನೆ ಕಾದಿದೆ. ಸೊಪ್ಪು ನೆನೆಹಾಕಿದೀನಿ. ಬಾ."

"ಓಟ ಮುಗೀಲಿ."

"ಓಟದ್ದೇ ಮಾತಾಡ್ಬೇಕು ಕಣೋ."

"ಅದಕ್ಕೇ ಬರಲ್ಲ ಅಂದಿದ್ದು."

ಜೆನೊನಾಸ್ ನಕ್ಕರು. "ನಾನು ಯಾರ ಸೋದರಮಾವನೂ ಅಲ್ಲಪ್ಪಾ. ನಿನ್ನ ಬೆನ್ನು ನೋಡ್ಕೊಂಡೇ ನನ್ನ ಹರೆಯ ಮುಗಿಸಿದೋನು. ನಿನ್ನ ಬೆನ್ನಿನ ಮೇಲಿನ ಮಚ್ಚೆ ನಿನ್ನ ಹೆಂಡ್ತಿಗಿಂತ ಮೊದಲು ನೋಡಿದೋನು ನಾನು."

"ಹೇಳೋದನ್ನ ಇಲ್ಲೇ ಹೇಳು."

ಜೆನೊನಾಸ್ ಟವಲನ್ನು ಒಂದು ಹೆಗಲಿಂದ ಇನ್ನೊಂದಕ್ಕೆ ಹಾಕಿಕೊಂಡರು. ನಗು ಹೋಯಿತು. "ನಾಳೆ ಮಧ್ಯಾಹ್ನ ಗಾಳಿ ಏಳುತ್ತೆ. ಎಡಗಡೆಯಿಂದ. ನಿನಗೆ ನಾನು ಹೇಳಬೇಕಾಗಿಲ್ಲ. ಬೆಳಿಗ್ಗೆ ನೀರು ಎಣ್ಣೆ ಥರ ಇರುತ್ತೆ. ಓಟ ಬೆಳಿಗ್ಗೆಗೆ ಇಡು. ಇಬ್ಬರಿಗೂ ಒಂದೇ ನೀರು ಸಿಗಲಿ. ಅಷ್ಟೇ ನಾನು ಕೇಳೋದು."

ಎರಡೂ ಬದಿಗೆ ಹುಟ್ಟು ಹಾಕುವ ಕಯಾಕ್ ದೋಣಿಗೆ ಚುಕ್ಕಾಣಿ ಇರುತ್ತದೆ, ಒಂದೇ ಬದಿಯ ಈ ದೋಣಿಗಿಲ್ಲ. ಗಾಳಿ ಹುಟ್ಟು ಹಾಕುವ ಬದಿಯಿಂದಲೇ ಬಂದರೆ ದೋಣಿಯ ಮೂಗು ಆಚೆಗೆ ತಿರುಗುತ್ತಲೇ ಇರುತ್ತದೆ. ಪ್ರತಿ ಸಲ ಹುಟ್ಟನ್ನು ಹೊರಕ್ಕೆ ತಿರುಚಿ ಅದನ್ನು ನೆಟ್ಟಗೆ ಮಾಡಬೇಕು. ಹಾಗೆ ಮಾಡಿದಾಗಲೆಲ್ಲ ವೇಗ ಸೋರುತ್ತದೆ. ಎಡಗಡೆಯ ಗಾಳಿ ಎಂದರೆ ಎಡಬದಿಯವನಿಗೆ ಏನೆಂದು ವಿಗಿಂತಾಸರಿಗೆ ಮೈಯೆಲ್ಲ ಗೊತ್ತಿತ್ತು. ಓಟದ ಹೊತ್ತನ್ನು ಬದಲಿಸುವ ಅಧಿಕಾರವೂ ನಿಯಮದ ಪ್ರಕಾರ ಕಾರ್ಯದರ್ಶಿಗೇ ಇತ್ತು.

"ನೀನು ಕೇಳಿದೆ ಅಂತ ನಾನು ಹೊತ್ತು ಬದಲಾಯಿಸಿದ್ರೆ, ಅದಕ್ಕೂ ಉಗಿಮನೆಗೂ ಏನು ವ್ಯತ್ಯಾಸ?" ಎಂದರು ವಿಗಿಂತಾಸ್.

"ಅವರು ಕೇಳಿದ್ರೆ ಬದಲಾಯಿಸ್ತಿದ್ಯಾ?"

"ಅವರು ಕೇಳಿದ್ರೂ ಇಲ್ಲ."

"ಅವರು ಯಾಕೋ ಕೇಳ್ತಾರೆ, ದಡ್ಡ? ಗಾಳಿ ಅವರ ಪಾಲಿಗಿದೆ."

ಜೆನೊನಾಸ್ ಟವಲ್ ಕೈಗೆ ಸುತ್ತಿಕೊಂಡು ಹೊರಟುಹೋದರು. ವಿಗಿಂತಾಸ್ ಕೈಯಲ್ಲಿದ್ದ ಫಲಕವನ್ನು ತಲೆಕೆಳಗಾಗಿ ಸಿಕ್ಕಿಸಿದರು. ನಾನು ತೋರಿಸಿದ ಮೇಲೆ ತಿರುಗಿಸಿ ಹಾಕಿದರು.

ಮರುದಿನ ಬೆಳಿಗ್ಗೆ ನೀರಿನಲ್ಲಿ ಒಂದು ಗೆರೆಯೂ ಇರಲಿಲ್ಲ. ಆಚೆ ದಡದ ಪೈನ್ ಮರಗಳು ತಲೆಕೆಳಗಾಗಿ ನಿಂತಿದ್ದವು. ಎಯ್ಮುತಿಸ್ ಅಭ್ಯಾಸಕ್ಕೆಂದು ಒಂದು ಸುತ್ತು ಹಾಕಿ ಬಂದ. ದೋಣಿ ನೀರನ್ನು ಮುಟ್ಟದೆ ಹೋದಂತಿತ್ತು. ಮಧ್ಯಾಹ್ನ ಬಸ್ಸುಗಳು ಬಂದು ನಿಂತಾಗ ಗಾಳಿ ಎದ್ದಿತ್ತು. ಬಾವುಟಗಳು ಕಂಬ ಕಿತ್ತುಕೊಂಡು ಹೋಗುವಂತೆ ಬಲಕ್ಕೆ ಹಾರುತ್ತಿದ್ದವು. ಮುಖ್ಯ ತೀರ್ಪುಗಾರ್ತಿ ದಾನ್ಗುವೋಲೆ ಎಂಬ ವಯಸ್ಸಾದ ಹೆಂಗಸು ತಲೆಗೆ ಕಟ್ಟಿದ ವಸ್ತ್ರವನ್ನು ಒಂದು ಕೈಯಲ್ಲಿ ಹಿಡಿದುಕೊಂಡು ಬಂದರು.

"ವಿಗಿಂತಾಸ್, ತಡೀಲೇನಪ್ಪಾ? ಸಂಜೆ ಇಳಿಯುತ್ತೆ ಇದು. ಜನ ತಣ್ಣನೆ ಬೀಟ್‌ರೂಟ್ ಸಾರು ಕುಡ್ಕೊಂಡು ಕಾಯ್ತಾರೆ. ಯಾರಿಗೂ ಅವಸರ ಇಲ್ಲ."

ವಿಗಿಂತಾಸ್ ಬಾವುಟ ನೋಡಿದರು. ಆರಂಭದ ಗೆರೆಯತ್ತ ಹೋಗುತ್ತಿದ್ದ ಎಯ್ಮುತಿಸನನ್ನು ನೋಡಿದರು. ಜನರ ನಡುವೆ ನಿಂತಿದ್ದ ಜೆನೊನಾಸರ ಕಡೆ ಮಾತ್ರ ನೋಡಲಿಲ್ಲ.

"ಹೊತ್ತು ಹೇಳಿ ಆಗಿದೆ," ಎಂದರು. "ನಡೆಸಿ."

ಮೊದಲ ಅರ್ಧ ದೂರ ಎಯ್ಮುತಿಸನೇ ಮುಂದಿದ್ದ. ಆಮೇಲೆ ಅವನ ದೋಣಿ ಬಲಕ್ಕೆ ಎಳೆಯತೊಡಗಿತು. ಅವನು ಹುಟ್ಟು ಹಾಕುವುದಕ್ಕಿಂತ ನೆಟ್ಟಗೆ ಮಾಡುವುದೇ ಹೆಚ್ಚಾಯಿತು. ಪಕ್ಕದಲ್ಲಿ ತಿತಾಸ್ ಒಂದೇ ಲಯದಲ್ಲಿ ಬರುತ್ತಿದ್ದ. ಕೊನೆಯ ತೇಲುಗುಂಡುಗಳ ಹತ್ತಿರ ಎಯ್ಮುತಿಸ್ ಎರಡು ಸಲ ತನ್ನ ದೋಣಿಗೆ ಗೊತ್ತು ಮಾಡಿದ್ದ ಓಣಿಯ ಅಂಚಿಗೆ ಹೋಗಿ ಮರಳಿದ. ತಿತಾಸ್ ಒಂದು ದೋಣಿಯ ಉದ್ದದಿಂದ ಗೆದ್ದ. ಗೆದ್ದವನಿಗೂ ಕೈಯೆತ್ತುವ ಮನಸ್ಸಾಗಲಿಲ್ಲ. ದಂಡೆಯಲ್ಲಿ ಚಪ್ಪಾಳೆ ತಟ್ಟಿದ್ದು ಅವನ ಬಂಧುಗಳು ಮಾತ್ರ.

ಎಯ್ಮುತಿಸ್ ದೋಣಿಯನ್ನು ಹೆಗಲ ಮೇಲಿಟ್ಟುಕೊಂಡು ನಮ್ಮ ಮುಂದೆಯೇ ಹಾದುಹೋದ. ವಿಗಿಂತಾಸ್ ಏನೋ ಹೇಳಲು ಬಾಯಿ ತೆರೆದರು.

"ಇರಲಿ ಬಿಡಿ ಮಾಮ," ಎಂದ ಅವನು. "ನೀರು ಹೇಳ್ತಲ್ಲ."

ಜೆನೊನಾಸ್ ಅವನ ಹಿಂದೆ ಹುಟ್ಟು ಹಿಡಿದುಕೊಂಡು ಬಂದರು. ವಿಗಿಂತಾಸರ ಎದುರು ನಿಂತರು. "ಅವರು ಉಗಿಮನೆ ಒಳಗೆ ಕೂತು ನಮ್ಮದನ್ನ ಕಿತ್ಕೊಂಡ್ರು. ನೀನು ಹೊರಗೆ ನಿಂತೇ ಕಿತ್ಕೊಂಡೆ. ಅವರಿಗಾದ್ರೂ ಅಳಿಯನ ಮೇಲೆ ಪ್ರೀತಿ ಇತ್ತು. ನಿನಗೆ ಯಾರ ಮೇಲೋ?"

ಜೆನೊನಾಸ್ ಹುಟ್ಟನ್ನು ಹೆಗಲಿಗೇರಿಸಿಕೊಂಡು ಎಯ್ಮುತಿಸನ ಹಿಂದೆ ನಡೆದರು.

ಪತ್ರಿಕೆಗಳು ಸೋದರಮಾವನ ಸುದ್ದಿ ಬರೆದವು. ಗಾಳಿಯ ಬಗ್ಗೆ ಒಂದೂ ಬರೆಯಲಿಲ್ಲ. ಮುಂದಿನ ಸಭೆಗೆ ಹಳೆಯ ದೊಡ್ಡವರಲ್ಲಿ ಉಳಿದಿದ್ದ ಒಬ್ಬರು ಕೋಲೂರಿಕೊಂಡು ಬಂದು ವಿಗಿಂತಾಸರ ಬೆನ್ನು ಚಪ್ಪರಿಸಿದರು. "ಭಲೇ ಮಗನೇ, ನಾವು ದಡ್ಡರು, ಬೆತ್ತಲೆ ಕೂತು ಬೆವರಿದ್ವಿ. ಬಟ್ಟೆ ಹಾಕ್ಕೊಂಡೂ ಅದೇ ಕೆಲಸ ಮಾಡಬಹುದು ಅಂತ ನೀನು ತೋರಿಸಿಬಿಟ್ಟೆ!" ಸಭೆ ನಕ್ಕಿತು. ವಿಗಿಂತಾಸ್ ಮುಂದಿನ ವಿಷಯ ಓದಿದರು.

ಒಲಿಂಪಿಕ್ಸಿನಲ್ಲಿ ತಿತಾಸ್ ಮೊದಲ ಸುತ್ತಿನಲ್ಲೇ ಕೊನೆಯವನಾಗಿ ಬಂದ. ಎಯ್ಮುತಿಸ್ ಆ ಬೇಸಿಗೆಯಲ್ಲೇ ನಾರ್ವೆಗೆ ಹೋದ. ನಮ್ಮ ಹಳ್ಳಿಗಳಿಂದ ಹೋದ ಎಷ್ಟೋ ಜನರ ಹಾಗೆ, ಅವನೂ ಅಲ್ಲಿ ಸಾಲ್ಮನ್ ಮೀನು ಸೀಳುವ ಕಾರ್ಖಾನೆಯಲ್ಲಿ ಕೆಲಸಕ್ಕೆ ನಿಂತ. ಅವನಿಗೆ ಅಲ್ಲಿಯೂ ದೋಣಿ ಕ್ಲಬ್ಬಿನವರು ಕರೆ ಕೊಟ್ಟರಂತೆ, ಹೋಗಲಿಲ್ಲವಂತೆ.

ಒಂದು ದಿನ ಕಾರಿನಲ್ಲಿ ಹೋಗುವಾಗ ನಾನು ಕೇಳಿಬಿಟ್ಟೆ. "ಆವತ್ತು ಎಡಬದಿಯವನು ತಿತಾಸ್ ಆಗಿದ್ದಿದ್ರೆ?"

ಅವರು ಕಿಟಕಿಯಿಂದಾಚೆ ನೋಡುತ್ತಿದ್ದರು. "ನಿಲ್ಲಿಸ್ತಿದ್ದೆ," ಎಂದರು. "ಯೋಚನೆ ಕೂಡ ಮಾಡ್ತಿರಲಿಲ್ಲ. ಬೇರೆ ಯಾರ ಹುಡುಗ ಆಗಿದ್ರೂ ನಿಲ್ಲಿಸ್ತಿದ್ದೆ. ನನ್ನ ಊರಿನವನು, ನನ್ನ ಬದಿಯವನು, ಜೆನೊನಾಸನ ಹುಡುಗ. ಅವನಿಗೋಸ್ಕರ ನಿಲ್ಲಿಸಿದೆ ಅಂತ ಜನ ಅಂತಾರಲ್ಲ ಅಂತ ಹೆದರಿದೆ." ಎಡಮೊಣಕಾಲನ್ನು ಉಜ್ಜಿಕೊಳ್ಳುತ್ತ ಮತ್ತೆ ಹೇಳಿದರು: "ನ್ಯಾಯ ಅಂದ್ಕೊಂಡಿದ್ದೆ. ಹೆದರಿಕೆ ಅದು."

ಆ ವರ್ಷ ಸತ್ತವರ ಹಬ್ಬಕ್ಕೆ ನಾನೇ ಅವರನ್ನು ಅಲ್ಸುಪ್ಯಾಯ್‌ಗೆ ಕರೆದೊಯ್ದೆ. ಎಡಮೊಣಕಾಲು ಸವೆದುಹೋಗಿ ಅವರಿಗೆ ಗಾಡಿ ಓಡಿಸಲು ಆಗುತ್ತಿರಲಿಲ್ಲ. ಸ್ಮಶಾನದ ತುಂಬ ಮೇಣದ ದೀಪಗಳು, ಸೇವಂತಿಗೆ ಹೂಗಳು. ಅವರ ಅಪ್ಪನ ಸಮಾಧಿಯ ಪಕ್ಕದಲ್ಲೇ ಜೆನೊನಾಸರ ಮನೆಯವರ ಸಮಾಧಿಗಳು. ಜೆನೊನಾಸ್ ಆಗಲೇ ಬಂದು, ನಮ್ಮ ಕಡೆಯ ರೂಢಿಯಂತೆ, ಪಕ್ಕದ ಸಮಾಧಿಗೂ ಒಂದು ದೀಪ ಹಚ್ಚಿಟ್ಟಿದ್ದರು.

"ನಿಯಮಕ್ಕೆ ಗಾಳಿಯ ಸಾಲು ಸೇರಿಸಿದೀನಿ," ಎಂದರು ವಿಗಿಂತಾಸ್. "ಅಡ್ಡಗಾಳಿ ಇದ್ರೆ ಓಟ ಇಲ್ಲ. ತೀರ್ಪುಗಾರರೇ ನಿಲ್ಲಿಸ್ತಾರೆ, ಯಾರೂ ಕೇಳೋ ಹಾಗಿಲ್ಲ."

"ಯಾರಿಗೆ?"

"ಮುಂದಿನೋರಿಗೆ."

"ನಮ್ಮ ಹತ್ರ ಮುಂದಿನೋರು ಇಲ್ಲ," ಎಂದರು ಜೆನೊನಾಸ್. "ದೋಣಿಮನೆ ಬಾಗಿಲು ಹಾಕ್ದೆ. ಈಗ ಅಲ್ಲಿ ರಜಾ ಕಳೆಯೋಕೆ ಬರೋರಿಗೆ ಯಾರೋ ಸೈಕಲ್ ಬಾಡಿಗೆಗೆ ಕೊಡ್ತಾರೆ." ಬಾಗಿ, ಆರಿದ್ದ ಒಂದು ದೀಪವನ್ನು ಅಂಗೈ ಮರೆಮಾಡಿ ಹಚ್ಚಿದರು. "ಹಿಂದಿನೋರು ಇದ್ದಾರೆ, ಬೇಕಾದ್ರೆ. ನಾರ್ವೆಯ ವಿಳಾಸ ಕೊಡ್ಲಾ?"

ವಿಗಿಂತಾಸ್ ಕೊಡು ಎಂದರು. ಜೆನೊನಾಸ್ ಕೊಡಲಿಲ್ಲ.

ವಿಗಿಂತಾಸ್ ದಾರ್ಗುಜಿಸ್ ಈಗಲೂ ಒಕ್ಕೂಟದ ಪ್ರಧಾನ ಕಾರ್ಯದರ್ಶಿ. ಎರಡು ಸಲ ರಾಜೀನಾಮೆ ಕೊಟ್ಟರು. ಬೇರೆ ಯಾರೂ ಆ ಕೆಲಸಕ್ಕೆ ಮುಂದೆ ಬರದ ಕಾರಣ ಸಭೆ ಒಪ್ಪಲಿಲ್ಲ. ತಂಡದ ಪ್ರಯಾಣ, ದೋಣಿಗಳ ಸಾಗಣೆ, ತೀರ್ಪುಗಾರರ ತರಬೇತಿ ಅವರೇ ನೋಡಿಕೊಳ್ಳುತ್ತಾರೆ. ಮೇ ತಿಂಗಳ ಆಯ್ಕೆ ಓಟವನ್ನು ದಾನ್ಗುವೋಲೆ ನಡೆಸುತ್ತಾರೆ. ಆ ಭಾನುವಾರ ವಿಗಿಂತಾಸ್ ಕಚೇರಿಯಲ್ಲೇ ಕೂತು, ನಾನು ಫೋನಿನಲ್ಲಿ ಹೇಳುವ ಫಲಿತಾಂಶವನ್ನು ಬರೆದುಕೊಳ್ಳುತ್ತಾರೆ.